ಎದೆಪಟ್ಟಿಯೊಳಗಿನ ತಾಯತ

ನಾಯಿಯದು ಏನೂ ತಪ್ಪಿರಲಿಲ್ಲ. ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಕೊನೆಯ ತನಕ ಕಾಯಿಸುವುದು ನನಗೆ ಆಗಿಬರುವುದಿಲ್ಲ.

ನನ್ನ ಮಗಳಿಗೆ ಕಣ್ಣು ಕಾಣುವುದಿಲ್ಲ. ಹುಟ್ಟಿನಿಂದ ಅಲ್ಲ. ಧಾರವಾಡದಲ್ಲಿ ಕಾಲೇಜಿಗೆ ಹೋಗುವಾಗ ಸಂಜೆಯಾದರೆ ಮೆಟ್ಟಿಲು ಕಾಣದೆ ಎಡವುತ್ತಿದ್ದಳು. ಮದುವೆಯಾಗಿ ನ್ಯೂಜೆರ್ಸಿಗೆ ಬಂದಮೇಲೆ ಪಕ್ಕದಲ್ಲಿ ನಿಂತವರು ಕಾಣದಾದರು. ನಲವತ್ತು ದಾಟುವ ಹೊತ್ತಿಗೆ ಕಿಟಕಿ ಯಾವ ಕಡೆ ಇದೆ ಎನ್ನುವಷ್ಟು ಬೆಳಕು ಮಾತ್ರ ಉಳಿಯಿತು. ಆಗ ನಾನು ಇಲ್ಲಿಗೆ ಬಂದೆ. ಅಳಿಯ ಮೈಸೂರಿನ ಕಡೆಯವನು, ಔಷಧದ ಕಂಪನಿಯಲ್ಲಿ ಕೆಲಸ. ಒಳ್ಳೆಯವನೇ, ಆದರೆ ಕುಳಿತಲ್ಲಿ ನಿದ್ದೆ ಮಾಡುತ್ತಾನೆ.

ಮಗಳು ಕೆಲಸ ಬಿಡಲಿಲ್ಲ. ಮೆಟುಚೆನ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ನ್ಯೂವಾರ್ಕಿಗೆ ಹೋಗುತ್ತಾಳೆ. ಅಲ್ಲಿ ಅವಳ ಕಂಪ್ಯೂಟರು ಮಾತಾಡುತ್ತದೆ, ಇವಳು ಕೇಳಿಸಿಕೊಂಡು ಟೈಪ್ ಮಾಡುತ್ತಾಳೆ. ಮೊದಮೊದಲು ಬಿಳಿ ಕೋಲು ಹಿಡಿದು ಹೋಗುತ್ತಿದ್ದಳು. ಎರಡು ಸಲ ಬಿದ್ದಳು. ಎರಡನೆಯ ಸಲ ಬಿದ್ದದ್ದು ಪ್ಲಾಟ್‌ಫಾರ್ಮಿನ ಅಂಚಿನಲ್ಲಿ. ಯಾರೋ ಕೋಟು ಹಿಡಿದು ಎಳೆದರು, ಮುಂದಿನ ಒಂದು ಹಲ್ಲು ಮುರಿದದ್ದಕ್ಕೇ ಮುಗಿಯಿತು. ಆಮೇಲೆ ನಾಯಿಗೆ ಅರ್ಜಿ ಹಾಕಿದಳು. ಕಣ್ಣಿಲ್ಲದವರಿಗೆ ದಾರಿ ತೋರಿಸುವ ನಾಯಿಗಳನ್ನು ಕಲಿಸಿ ಕೊಡುವ ಶಾಲೆಗಳು ಇಲ್ಲಿ ಇವೆ. ಒಂದೂವರೆ ವರ್ಷ ಕಾದಮೇಲೆ ಇವಳ ಸರದಿ ಬಂತು.

ಹಳದಿ ಬಣ್ಣದ ಲ್ಯಾಬ್ರಡಾರ್, ಹೆಣ್ಣು. ನಮ್ಮೂರ ಮನೆಯಲ್ಲಿ ನಾಯಿಯ ಜಾಗ ಅಂಗಳ. ಹೊಸ್ತಿಲು ದಾಟಿದರೆ ಕಸಬರಿಗೆ ಏಟು. ಇದು ಬಂದ ದಿನವೇ ನೇರ ನಡುಮನೆಗೆ ಬಂದು ಕಾಲು ಚಾಚಿ ಮಲಗಿತು.

"ಇದನ್ನ ಎಲ್ಲಿ ಮಲಗಸ್ತಿ?" ಎಂದು ಕೇಳಿದೆ.

"ನನ್ನ ಹಾಸಿಗಿ ಬಾಜೂಕ," ಎಂದಳು ಮಗಳು.

"ಮತ್ತ ನಿನ್ನ ಗಂಡ?"

"ಅವರು ಆ ಕಡೆ ಬಾಜೂಕ."

ಅಳಿಯ ನಕ್ಕ. ನಾನು ನಗಲಿಲ್ಲ. ಆದರೆ ಒಂದು ತಿಂಗಳು ಅದರ ಕೆಲಸ ನೋಡಿದಮೇಲೆ ಸುಮ್ಮನಾದೆ. ಅದರ ಮೈಗೆ ಹಾರ್ನೆಸ್ ಎಂದು ತೊಗಲಿನ ಪಟ್ಟಿಗಳನ್ನು ಹಾಕುತ್ತಾರೆ. ಬೆನ್ನ ಮೇಲೆ ಗಟ್ಟಿ ಹಿಡಿಕೆ, ಎದೆಗೆ ಅಡ್ಡ ಒಂದು ಪಟ್ಟಿ, ಎದೆಪಟ್ಟಿಯ ಒಳಮೈಗೆ ಉಣ್ಣೆಯ ಮೆತ್ತೆ. ಹಾರ್ನೆಸ್ ಹಾಕಿಕೊಂಡಾಗ ನಾಯಿ ಬೇರೆಯೇ ಆಗುತ್ತದೆ. ಎದೆಯಿಂದ ಒಂದು ಚೂರು ಮುಂದಕ್ಕೆ ಎಳೆಯುತ್ತದೆ. ಆ ಎಳೆತ ಹಿಡಿಕೆಯ ಮೂಲಕ ಮಗಳ ಕೈಗೆ ಬರುತ್ತದೆ. ಮೆಟ್ಟಿಲು ಬಂದರೆ ನಿಲ್ಲುತ್ತದೆ, ತಗ್ಗು ಬಂದರೆ ನಿಲ್ಲುತ್ತದೆ, ತಲೆಗೆ ತಾಗುವ ಕೊಂಬೆ ಇದ್ದರೆ ಸುತ್ತಿಕೊಂಡು ಹೋಗುತ್ತದೆ. ಆಗ ಅದನ್ನು ಮುಟ್ಟಬಾರದು, ಕರೆಯಬಾರದು, ತಿನ್ನಲು ಏನೂ ಕೊಡಬಾರದು. ಬಿಚ್ಚಿದ ಕೂಡಲೇ ಮತ್ತೆ ನಾಯಿ. ಅಳಿಯನ ಕಾಲುಚೀಲ ಕಚ್ಚಿಕೊಂಡು ಓಡುತ್ತದೆ.

ಶನಿವಾರ ಬಂತೆಂದರೆ ನಮ್ಮ ತಿರುಗಾಟ. ವಾರವೆಲ್ಲಾ ರೈಲು, ಆಫೀಸು ಎಂದು ಒಂದೇ ದಾರಿ ತುಳಿದರೆ ನಾಯಿಗೆ ಕಲಿತದ್ದು ಮರೆಯುತ್ತದಂತೆ. ಕಲ್ಲುದಾರಿ, ಮರದ ಸೇತುವೆ, ಏರು, ಇಳುಕಲು ಎಲ್ಲಾ ಬೇಕು. ಹಾಗಾಗಿ ಪಾರ್ಕುಗಳು, ಹಳೆಯ ಕಾಲುವೆ, ಪ್ರಿನ್ಸ್‌ಟನ್ ಕಡೆ ಹಿಂದೊಮ್ಮೆ ಯುದ್ಧ ನಡೆದ ಬಯಲು. ಅಳಿಯ ಡ್ರೈವ್ ಮಾಡುತ್ತಾನೆ, ನಾನು ರೊಟ್ಟಿ ಕಟ್ಟಿಕೊಳ್ಳುತ್ತೇನೆ.

"ಕಣ್ಣ ಇಲ್ಲದಾಕಿ ಅಲ್ಲಿ ಹೋಗಿ ಏನ ನೋಡ್ತಿ?" ಎಂದು ಒಂದು ದಿನ ಕೇಳಿದೆ. ಸುತ್ತಿ ಬಳಸಿ ಕೇಳಲು ನನಗೆ ಬರುವುದಿಲ್ಲ.

"ನೋಡಾಕಲ್ಲವಾ, ಮುಟ್ಟಾಕ," ಎಂದಳು. "ಮ್ಯೂಸಿಯಮ್ಮಿನ್ಯಾಗ ಎಲ್ಲಾ ಗಾಜಿನೊಳಗ ಇಟ್ಟಿರತಾರ. ಬಯಲಾಗ ಇಟ್ಟದ್ದಕ್ಕ ಯಾರು ಗಾಜು ಹಾಕತಾರ?"

ಅದು ಖರೆ. ಯುದ್ಧದ ಬಯಲಿನ ತೋಪನ್ನು ಅವಳು ಬಾಯಿಯಿಂದ ಬುಡದವರೆಗೆ ಸವರುತ್ತಾಳೆ, ಗಾಲಿಯ ಕಡ್ಡಿಗಳನ್ನು ಎಣಿಸುತ್ತಾಳೆ. ಕಾಲುವೆಯ ನೀರು ತಡೆಯುವ ಹಳೆಯ ಬಾಗಿಲಿನ ಮರ ಮುಟ್ಟಿ ಎಲ್ಲಿ ದೋಣಿಯ ಹಗ್ಗ ಉಜ್ಜಿ ಗೀರಾಗಿದೆ ಎಂದು ನನಗೇ ತೋರಿಸಿದಳು. ನಾನು ಎರಡು ಕಣ್ಣಿದ್ದೂ ನೋಡಿರಲಿಲ್ಲ.

ಕೆಲವು ಕಡೆ ಬಾಗಿಲಲ್ಲಿ ತಡೆಯುತ್ತಾರೆ. "ನೋ ಡಾಗ್ಸ್" ಎಂದು ಬೆರಳು ಅಲ್ಲಾಡಿಸುತ್ತಾರೆ. ಇಲ್ಲಿಯ ಕಾನೂನಿನ ಪ್ರಕಾರ ಅವರು ಕೇಳಬಹುದಾದ್ದು ಎರಡೇ: ಇದು ಸೇವೆಯ ನಾಯಿಯೇ, ಏನು ಕೆಲಸ ಕಲಿತಿದೆ. ಕಾಗದ ತೋರಿಸು ಎನ್ನುವ ಹಾಗಿಲ್ಲ. ಮಗಳು ದನಿ ಏರಿಸದೆ ಎರಡಕ್ಕೂ ಉತ್ತರ ಹೇಳಿ ಒಳಗೆ ಹೋಗುತ್ತಾಳೆ. ನಮ್ಮವರೂ ಏನೂ ವಾಸಿಯಲ್ಲ. ಕಾಲುವೆಯ ದಂಡೆಯಲ್ಲಿ ಬೆಂಗಳೂರಿನ ಹೆಣ್ಣುಮಗಳೊಬ್ಬಳು ಮಾರು ದೂರ ನಿಂತು, "ಆಂಟಿ, ಈ ನಾಯಿ ಕಚ್ಚತ್ತಾ?" ಎಂದಳು.

"ನಾಯಿ ಕಚ್ಚಂಗಿಲ್ಲ, ನಾ ಕಚ್ಚತೀನಿ," ಎಂದೆ. ಅವಳು ನಕ್ಕು ಜೊತೆಗೆ ನಡೆದಳು, ನಮ್ಮ ರೊಟ್ಟಿಯಲ್ಲಿ ಪಾಲೂ ತಗೊಂಡಳು.

ಹೋದ ಬೇಸಿಗೆಯಲ್ಲಿ ಕನ್ನಡದವರದೊಂದು ಪಿಕ್ನಿಕ್ ಇತ್ತು. ದೊಡ್ಡ ಪಾರ್ಕು. ಕುರ್ಚಿ, ಮೇಜು, ಚೆಂಡು ಹಿಡಿದು ಓಡುವ ಹುಡುಗರು, ಒಲೆಯ ಹೊಗೆ. ಇಷ್ಟರ ನಡುವೆ ನಾಯಿ ಮಗಳನ್ನು ಯಾರಿಗೂ ತಾಗಿಸದೆ ಕರಕೊಂಡು ಹೋಗಿ ಒಂದು ಖಾಲಿ ಕುರ್ಚಿಯ ಮುಂದೆ ನಿಲ್ಲಿಸಿತು. ಎಲ್ಲರೂ ಚಪ್ಪಾಳೆ ಹೊಡೆದರು. ಎಲ್ಲರ ಬಾಯಲ್ಲೂ ಅದೇ ಮಾತು.

"ನನ್ ಮಗನಿಗೆ ಹತ್ತು ಸಲ ಹೇಳಿದ್ರೂ ಕೇಳಲ್ಲ, ಇದು ನೋಡಿ!"

"ಎಷ್ಟು ಬುದ್ಧಿ ಅಲ್ವಾ! ಕಣ್ಣು ಬೀಳತ್ತೆ ಆಂಟಿ, ಮನೆಗೆ ಹೋಗಿ ದೃಷ್ಟಿ ತೆಗೀರಿ."

ಹೇಳಿದವಳು ತಮಾಷೆಗೆ ಹೇಳಿದಳು. ನಾನು ತಮಾಷೆ ಎಂದು ತಗೊಳ್ಳಲಿಲ್ಲ. ಗುಡಿ ಗುಂಡಾರ ಎಂದು ಹೆಚ್ಚು ತಿರುಗುವವಳಲ್ಲ ನಾನು. ಆದರೆ ಕಣ್ಣು ಬೀಳುವುದು ಬೇರೆ. ಹಾಲು ಕೊಡುವ ಎಮ್ಮೆ ಒಂದು ಹೊಗಳಿಕೆಗೆ ಒದೆಯತೊಡಗಿ ಹಾಲು ನಿಲ್ಲಿಸಿದ್ದನ್ನು ಕಂಡವಳು ನಾನು. ಮರುದಿನ ಬೆಳಿಗ್ಗೆ ನಾಯಿ ಹುಲ್ಲು ತಿಂದು ಹಿತ್ತಿಲಲ್ಲಿ ವಾಂತಿ ಮಾಡಿತು. ನಾಯಿಗಳು ಹುಲ್ಲು ತಿನ್ನುತ್ತವೆ, ವಾಂತಿಯೂ ಮಾಡುತ್ತವೆ. ಅದು ಆಗ ನನ್ನ ತಲೆಗೆ ಬರಲಿಲ್ಲ.

"ಕಾಲಿಗೆ ಒಂದು ಕರೀ ದಾರ ಕಟ್ಟತೀನಿ," ಎಂದೆ ಮಗಳಿಗೆ.

"ಬ್ಯಾಡವಾ. ಅದರ ಮೈಮ್ಯಾಗ ಏನೂ ಕಟ್ಟಬಾರದು. ಎಲ್ಲೆರೆ ಸಿಕ್ಕೊಂಡ್ರ ಏನ ಗತಿ?"

"ಸಣ್ಣ ದಾರ."

"ಅವ್ವಾ, ಅದು ಎತ್ತಲ್ಲ."

ಅಲ್ಲಿಗೆ ಮಾತು ಮುಗಿಯಿತು. ನನ್ನ ಕೈ ಮುಗಿಸಲಿಲ್ಲ.

ನನ್ನ ಟ್ರಂಕಿನಲ್ಲಿ ಒಂದು ತಾಯತ ಇತ್ತು. ಮಗಳ ಕಣ್ಣು ಮಂಕಾಗತೊಡಗಿದಾಗ ದರ್ಗಾದ ಅಜ್ಜ ಮಂತ್ರಿಸಿ ಕೊಟ್ಟದ್ದು. ತಾಮ್ರದ್ದು, ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಒಂದು ವರ್ಷ ಕೊರಳಲ್ಲಿ ಹಾಕಿಕೊಂಡು ಆಮೇಲೆ ಗೆಳತಿಯರು ನಗುತ್ತಾರೆಂದು ಮಗಳು ತೆಗೆದಿಟ್ಟಿದ್ದಳು. ಅವಳ ಕಣ್ಣಿಗೆ ಅದು ಏನೂ ಮಾಡಲಿಲ್ಲ. ಆದರೂ ಬಿಸಾಕಲು ಮನಸ್ಸಾಗದೆ ಇಲ್ಲಿಯವರೆಗೆ ಕಟ್ಟಿಕೊಂಡು ಬಂದಿದ್ದೆ.

ಮಗಳು ಸ್ನಾನಕ್ಕೆ ಹೋದಾಗ ಹಾರ್ನೆಸ್ ತಗೊಂಡು ಕೂತೆ. ಎದೆಪಟ್ಟಿಯ ಮೆತ್ತೆಯ ಅಂಚಿನಲ್ಲಿ ನಾಲ್ಕು ಹೊಲಿಗೆ ಬಿಚ್ಚಿ, ತಾಯತವನ್ನು ಉಣ್ಣೆಯ ನಡುವೆ ತೂರಿಸಿ, ಮತ್ತೆ ಹೊಲಿದೆ. ಹರೆಯದಿಂದ ಕೌದಿ ಹೊಲಿದ ಕೈ ಇದು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಅಕ್ಕಿಕಾಳಿನಂಥ ಹೊಲಿಗೆ ಹಾಕಿ ಊರ ಬಾಣಂತಿಯರಿಗೆಲ್ಲಾ ಕೌದಿ ಮಾಡಿ ಕೊಟ್ಟವಳು. ಮುಗಿಸಿದಮೇಲೆ ಎಲ್ಲಿ ಬಿಚ್ಚಿದ್ದೆ ಎಂದು ನನಗೇ ಗುರುತು ಸಿಗಲಿಲ್ಲ. ಹೆಮ್ಮೆಯಾಯಿತು. ಸುಳ್ಳು ಯಾಕೆ ಹೇಳಲಿ.

ಹದಿನೈದು ದಿನ ಏನೂ ಆಗಲಿಲ್ಲ. ಆಮೇಲೊಂದು ಶನಿವಾರ ಕಾಲುವೆಯ ದಂಡೆಯಲ್ಲಿ ಜೋರು ಮಳೆ ಸಿಕ್ಕಿತು. ಓಡಿ ಬರುವಷ್ಟರಲ್ಲಿ ಎಲ್ಲರೂ ತೊಯ್ದೆವು, ಹಾರ್ನೆಸ್ಸೂ ತೊಯ್ದಿತು. ಒಲೆಯ ಹತ್ತಿರ ಇಟ್ಟು ಒಣಗಿಸಿದೆವು. ಒಣಗಿದ ಉಣ್ಣೆ ಒತ್ತೊತ್ತಾಗಿ ತೆಳ್ಳಗಾಗಿತ್ತು. ಅದರ ಮುಂದಿನ ವಾರದಿಂದ ನಾಯಿ ಕೆಟ್ಟಿತು.

ಮೊದಲು ನಿಧಾನವಾಯಿತು. ಮಗಳು "ಫಾರ್ವರ್ಡ್" ಎಂದರೆ ಎರಡು ಹೆಜ್ಜೆ ಹಾಕಿ ನಿಲ್ಲುತ್ತಿತ್ತು. ಏರು ಬಂದರೆ ಏರುತ್ತಿರಲಿಲ್ಲ. ಸ್ಟೇಷನ್ನಿನ ಮೆಟ್ಟಿಲ ಬುಡದಲ್ಲಿ ನಿಂತುಬಿಟ್ಟು ಒಂದು ದಿನ ರೈಲು ತಪ್ಪಿತು, ಇನ್ನೊಂದು ದಿನ ಎರಡು ರೈಲು. ಆಮೇಲೆ ಹಾರ್ನೆಸ್ ಕೈಗೆ ತಗೊಂಡರೆ ತಲೆ ತಗ್ಗಿಸಿ ಸೋಫಾದ ಹಿಂದೆ ಹೋಗಿ ಕೂರತೊಡಗಿತು. ಬಿಚ್ಚಿದರೆ ಮಾತ್ರ ಕುಣಿತ, ಓಟ, ಕಾಲುಚೀಲ.

"ಉಂಡು ಉಂಡು ಸೊಕ್ಕು ಬಂದೈತಿ. ಕಳ್ಳಾಟ ಆಡಾಕತ್ತೈತಿ," ಎಂದೆ ನಾನು. ಹೌದು, ನಾನೇ ಹೇಳಿದ್ದು.

ಅಳಿಯ ಡಾಕ್ಟರ ಹತ್ತಿರ ಕರಕೊಂಡು ಹೋದ. ಕಾಲು ಮಡಚಿ ನೋಡಿದರು, ಬೆನ್ನು ಒತ್ತಿ ನೋಡಿದರು. ಎದೆಯ ಮೇಲೆ ಸ್ವಲ್ಪ ಕೂದಲು ಉದುರಿದೆ, ಬೇಸಿಗೆಯ ತುರಿಕೆ ಇರಬೇಕು ಎಂದು ಮುಲಾಮು ಕೊಟ್ಟರು. ಮಗಳು ದಿನಾ ಹಾರ್ನೆಸ್ಸನ್ನು ಬೆರಳಿಂದ ಪರೀಕ್ಷಿಸುತ್ತಿದ್ದಳು, ಬಕಲ್ಲು, ತೊಗಲು, ಹೊಲಿಗೆ. ಮೆತ್ತೆಯ ಮೇಲೆ ಸವರಿದರೆ ಉಣ್ಣೆಯೇ ಸಿಗುತ್ತಿತ್ತು. ಗಟ್ಟಿಯಾಗಿ ಒತ್ತಿದರೆ ಮಾತ್ರ ತಿಳಿಯುವಂಥದ್ದು, ಒತ್ತುತ್ತಿದ್ದದ್ದು ನಾಯಿಯ ಎದೆ ಒಂದೇ.

ಅಷ್ಟಾದರೂ ನನಗೆ ಹೊಳೆಯಲಿಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ತಾಯತ ಎಂದರೆ ಕಾಯುವಂಥದ್ದು ಎಂದೇ ನನ್ನ ತಲೆಯಲ್ಲಿ ಇತ್ತು, ಚುಚ್ಚುವಂಥದ್ದು ಎಂದು ಇರಲಿಲ್ಲ. ನಾಯಿ ಕೆಟ್ಟಷ್ಟೂ, ಸದ್ಯ ತಾಯತವಾದರೂ ಇದೆಯಲ್ಲ, ಇಲ್ಲದಿದ್ದರೆ ಇನ್ನೇನಾಗುತ್ತಿತ್ತೋ ಎಂದುಕೊಂಡೆ.

ಮಗಳು ನಾಯಿಯ ಶಾಲೆಗೆ ಫೋನ್ ಮಾಡಿದಳು. ಅವಳಿಗೂ ನಾಯಿಗೂ ಜೊತೆಯಾಗಿ ನಡೆಯಲು ಕಲಿಸಿದ ಟೀಚರು ಬುಧವಾರ ಬಂದು ನೋಡುತ್ತೇನೆ ಎಂದಳಂತೆ. ಆರು ವರ್ಷದ ನಾಯಿ, ಕೆಲವಕ್ಕೆ ಈ ಹೊತ್ತಿಗೆ ಕೆಲಸ ಸಾಕಾಗುತ್ತದೆ; ಹಾಗಿದ್ದರೆ ನಿವೃತ್ತಿ ಮಾಡಿಸಿ ಕರಕೊಂಡು ಹೋಗಬೇಕಾಗುತ್ತದೆ; ಹೊಸ ನಾಯಿಗೆ ಒಂದು ವರ್ಷ, ಹೆಚ್ಚೂ ಆಗಬಹುದು. ಫೋನ್ ಇಟ್ಟು ಮಗಳು ಇದನ್ನೆಲ್ಲಾ ಕನ್ನಡದಲ್ಲಿ ಹೇಳಿದಳು. ಆಮೇಲೆ ಎದ್ದು ಹೋಗಿ ಅಟ್ಟದ ಕಪಾಟಿನಿಂದ ಬಿಳಿ ಕೋಲು ತೆಗೆದು ಬಾಗಿಲ ಹಿಂದೆ ನಿಲ್ಲಿಸಿದಳು.

ಆ ಬುಧವಾರದ ಹಿಂದಿನ ಶನಿವಾರ ನಾವು ಒಂದು ಹಳೆಯ ಹೊಲಕ್ಕೆ ಹೋದೆವು. ನೂರು ವರ್ಷದ ಹಿಂದಿನ ಹಾಗೆ ಬೇಸಾಯ ಮಾಡಿ ತೋರಿಸುವ ಜಾಗ. ಟ್ರ್ಯಾಕ್ಟರಿಲ್ಲ, ಎಲ್ಲಾ ಕುದುರೆಯಿಂದಲೇ. ಹ್ಯಾಟು ಹಾಕಿಕೊಂಡು, ಪ್ಯಾಂಟಿಗೆ ಹೆಗಲಪಟ್ಟಿ ಹಾಕಿಕೊಂಡು ಗಂಡಸರು ಕೆಲಸ ಮಾಡುತ್ತಾರೆ. ಜನ ಬೇಲಿಯ ಹೊರಗೆ ನಿಂತು ನೋಡುತ್ತಾರೆ. ನಮ್ಮೂರಲ್ಲಿ ಮೊನ್ನೆ ಮೊನ್ನೆಯವರೆಗೂ ಹೀಗೇ ಇತ್ತು, ನೋಡಲು ಯಾರೂ ಕಾರು ತಗೊಂಡು ಬರುತ್ತಿರಲಿಲ್ಲ. ಬಾಗಿಲಲ್ಲಿದ್ದ ಹೆಂಗಸು ಎರಡು ಪ್ರಶ್ನೆ ಕೇಳಿ, ಕುರಿಗಳಿಂದ ಸ್ವಲ್ಪ ದೂರ ಇರಿ ಎಂದಷ್ಟೇ ಹೇಳಿ ಬಿಟ್ಟಳು. ಅಳಿಯ ಕಾರಲ್ಲೇ ಉಳಿದ, ನಿದ್ದೆಗೆ.

ನಾಯಿ ಇಳುಕಲಿನಲ್ಲಿ ಹೇಗೋ ಬಂತು. ಬೇಲಿಯ ಹತ್ತಿರ ನಿಂತೆವು. ಒಣಗಿದ ಹುಲ್ಲನ್ನು ಬಾಚುವ ದೊಡ್ಡ ಹಲ್ಲಿನ ಕುಂಟೆಗೆ ಒಂದು ಕಂದು ಕುದುರೆ ಕಟ್ಟಿದ್ದರು. ಕುಂಟೆಯ ಮೇಲೆ ಕೂತು ಒಬ್ಬ ಓಡಿಸುತ್ತಿದ್ದ. ನಾನು ನೋಡಿದ್ದನ್ನು ನೋಡಿದ ಹಾಗೆ ಮಗಳಿಗೆ ಹೇಳುತ್ತಿದ್ದೆ. ಹೊಲದ ನಡುವೆ ಕುದುರೆ ನಿಂತಿತು.

"ಯಾಕ ಸಪ್ಪಳ ನಿಂತತು?" ಎಂದಳು ಮಗಳು.

"ಕುದರಿ ನಿಂತೈತಿ."

"ಹೊಡ್ಯಾಕತ್ತಾನೇನು?"

"ಇಲ್ಲ. ಕೆಳಗಿಳದಾನ. ಕೊರಳಪಟ್ಟಿ ಒಳಗ ಕೈ ಹಾಕ್ಯಾನ."

ಅವನು ಕುದುರೆಗೆ ಒಂದು ಮಾತೂ ಅನ್ನಲಿಲ್ಲ. ಕೊರಳ ಸುತ್ತ ಇದ್ದ ದಪ್ಪ ಪಟ್ಟಿಯ ಒಳಗೆ ಅಂಗೈ ತೂರಿಸಿ ಮೇಲಿಂದ ಕೆಳಗೆ ಒತ್ತುತ್ತಾ ಬಂದ. ಒಂದು ಕಡೆ ತಡೆದ. ಏನೋ ಮುಳ್ಳುಕಾಯಿಯಂಥದ್ದನ್ನು ಕಿತ್ತು ಬಿಸಾಕಿ, ಆ ಜಾಗವನ್ನು ಉಜ್ಜಿ, ಮತ್ತೆ ಹತ್ತಿ ಕೂತ. ಕುದುರೆ ನಡೆಯಿತು.

ನನ್ನ ಮಾವ ಹೀಗೇ ಮಾಡುತ್ತಿದ್ದರು. ಎತ್ತು ನಿಂತರೆ ಬಾರಿಕೋಲು ಎತ್ತಿದವರನ್ನು ಬೈದು, ಮೊದಲು ನೊಗದ ಕೆಳಗೆ ಕೈ ಹಾಕುತ್ತಿದ್ದರು. ಹೆಗಲು ಹುಣ್ಣಾದ ಎತ್ತಿಗೆ ಅರಿಶಿನ ಬೇವು ಅರೆದು ಹಚ್ಚಿದವಳು ನಾನು. ಒಂದಲ್ಲ, ಇಪ್ಪತ್ತು ವರ್ಷ ಹಚ್ಚಿದ್ದೇನೆ.

ಬೇಲಿಯ ಮರ ಹಿಡಿದುಕೊಂಡೆ. ನಾಯಿಯ ಎದೆಪಟ್ಟಿ ನೋಡಿದೆ.

ಕೂಡಲೇ ಹೇಳಿದ್ದರೆ ನಾನು ಒಳ್ಳೆಯವಳಾಗುತ್ತಿದ್ದೆ. ಹೇಳಲಿಲ್ಲ. ಮನೆಗೆ ಹೋಗಿ ನಾಲ್ಕು ಹೊಲಿಗೆ ಬಿಚ್ಚಿದರಾಯಿತು, ತೆಗೆದು ಮತ್ತೆ ಹೊಲಿದರಾಯಿತು, ಯಾರಿಗೂ ತಿಳಿಯುವುದಿಲ್ಲ, ನಾಯಿ ತಾನೇ ಸರಿಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಉಳಿದ ಹೊತ್ತೆಲ್ಲಾ ಮಗಳು ನೇಗಿಲು ಮುಟ್ಟಿದಳು, ಕುಲುಮೆಯ ತಿದಿ ಮುಟ್ಟಿದಳು. ನಾನು ಬಾಯಿ ಮುಚ್ಚಿಕೊಂಡು ಹಿಂದೆ ಹಿಂದೆ ನಡೆದೆ.

ಕಾರು ನಿಂತ ಜಾಗ ಏರಿನ ಮೇಲಿತ್ತು. ಏರಿನ ಬುಡದಲ್ಲಿ ಮಗಳು "ಫಾರ್ವರ್ಡ್" ಎಂದಳು. ನಾಯಿ ಒಂದು ಹೆಜ್ಜೆ ಎಳೆದು ನಿಂತಿತು. ಇನ್ನೊಮ್ಮೆ ಹೇಳಿದಳು. ನಾಯಿಯ ಕಾಲು ನಡುಗಿತು, ನಡೆಯಲಿಲ್ಲ. ಮೂರನೆಯ ಸಲ ಅವಳು ಹೇಳಲಿಲ್ಲ. ಗರಸುಕಲ್ಲಿನ ದಾರಿಯಲ್ಲೇ ಕೂತು ಹಾರ್ನೆಸ್ ಬಿಚ್ಚಿದಳು. ನಾಯಿ ಅವಳ ತೊಡೆಯ ಮೇಲೆ ಗದ್ದ ಇಟ್ಟಿತು.

"ಬುಧವಾರ ಅಕಿ ಬರತಾಳಲ್ಲ," ಎಂದಳು, "ನಾನೇ ಹೇಳಿಬಿಡತೀನಿ. ಇದಕ್ಕ ಸಾಕಾಗೇತಿ, ಕರಕೊಂಡ ಹೋಗ್ರಿ ಅಂತ. ಇದನ್ನ ಹಿಂಗ ಜಗ್ಗೂದು ನನ್ನ ಕಡಿಂದ ಆಗಂಗಿಲ್ಲ."

"ಮತ್ತ ನಿನ್ನ ಕೆಲಸ?"

"ಕೋಲು ಐತಲ್ಲ." ಹೇಳಿ, ಕಟ್ಟಿಸಿದ ಮುಂದಿನ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡಳು.

ನಾನು ಅಲ್ಲೇ ಅವಳ ಎದುರು ಕೂತೆ. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದೆ. "ಹಾರ್ನೆಸ್ ಕೊಡು ಇಲ್ಲಿ," ಎಂದೆ.

"ಯಾಕ?"

"ತಪ್ಪು ನಾಯಿದಲ್ಲ. ನಂದು. ಎದೆಪಟ್ಟಿ ಒಳಗ ತಾಯತ ಹಾಕಿ ಹೊಲದೀನಿ. ಪಿಕ್ನಿಕ್ ಆದ ಮರದಿನ. ಅದು ಚುಚ್ಚಾಕತ್ತೈತಿ."

ಅವಳು ಹಾರ್ನೆಸ್ಸನ್ನು ನನ್ನ ಕಡೆ ತಳ್ಳಿದಳು. ಹೊಲಿಗೆ ಬಿಚ್ಚಲು ಬಹಳ ಹೊತ್ತು ಹಿಡಿಯಿತು, ಅಷ್ಟು ಬಿಗಿಯಾಗಿ ಹಾಕಿದ್ದೆ. ಉಣ್ಣೆಯಿಂದ ತಾಯತ ಹೊರಗೆ ಬಂತು. ಒಂದು ತುದಿಯ ಮುಚ್ಚಳ ಸರಿದು ಅಂಚು ಮೇಲೆದ್ದಿತ್ತು. ನಾಯಿಯ ಎದೆಯಲ್ಲಿ ಅದೇ ಜಾಗಕ್ಕೆ ಬೆರಳಿಟ್ಟೆ. ಕೂದಲಿನ ಕೆಳಗೆ ತೊಗಲು ಗಂಟು ಕಟ್ಟಿತ್ತು. ನಾಯಿ ಹಿಂದಕ್ಕೆ ಸರಿಯಿತು. ಆದರೆ ಕೈ ಕಚ್ಚಲಿಲ್ಲ.

ಮಗಳು ಅಂಗೈ ಚಾಚಿದಳು. ತಾಯತ ಇಟ್ಟೆ. ಬೆರಳಿನಿಂದ ತಿರುವಿ ತಿರುವಿ ನೋಡಿದಳು.

"ಇದು ನಂದಲ್ಲ?"

"ಹೂಂ."

"ಅವ್ವಾ, ಮೂರು ವಾರ ನಾ ಇದನ್ನ ಜಗ್ಗೀನಿ, ಬೈದೀನಿ. ಮುಂದ ನಡಿ ಅಂದಾಗೊಮ್ಮೆ ಇದಕ್ಕ ಚುಚ್ಚೇತಿ. ಚುಚ್ಚಿದ್ರೂ ನನ್ನ ಸ್ಟೇಷನ್ನಿಗೆ ಮುಟ್ಟಸೇತಿ. ಎಷ್ಟು ದಿನ ಮುಟ್ಟಸೇತಿ ನಿನಗ ಗೊತ್ತೈತೇನು?"

ಗೊತ್ತಿತ್ತು. ಬೇಲಿ ಬಿಟ್ಟು ಬರುವಾಗ ಎಣಿಸಿದ್ದೆ.

ಅಷ್ಟರಲ್ಲಿ ಅಳಿಯ ಎದ್ದು ಬಂದ. "ಏನಾಯ್ತು ಅತ್ತೆ, ಯಾಕೆ ಎಲ್ಲರೂ ನೆಲದ ಮೇಲೆ ಕೂತಿದ್ದೀರಿ?" ಎಂದ. ಮಗಳು ಹೇಳಿದಳು. ಅವನು ತಾಯತ ನೋಡಿದ, ಹೊಲಿಗೆ ನೋಡಿದ. "ನಾನು ಇದನ್ನ ಬೆಳಕಿಗೆ ಹಿಡಿದು ನೋಡಿದ್ದೆ ಅತ್ತೆ. ಗೊತ್ತೇ ಆಗ್ಲಿಲ್ವಲ್ಲ," ಎಂದ. ಆಮೇಲೆ ನಾಯಿಯನ್ನು ಎತ್ತಿಕೊಂಡೇ ಏರು ಹತ್ತಿದ. ಮೂವತ್ತು ಕೆಜಿ ನಾಯಿ. ಕುಳಿತಲ್ಲಿ ನಿದ್ದೆ ಮಾಡುವವನು ಎಂದು ನಾನು ಅವನನ್ನು ಬೇಕಾದಷ್ಟು ಅಂದಿದ್ದೇನೆ. ಅವತ್ತು ಅನ್ನಲಿಲ್ಲ.

ದಾರಿಯುದ್ದಕ್ಕೂ ಮಗಳು ನನ್ನ ಜೊತೆ ಮಾತಾಡಲಿಲ್ಲ. ಭಾನುವಾರವೂ ಇಲ್ಲ. ಸೋಮವಾರದಿಂದ ಆಫೀಸಿನವರನ್ನು ಕೇಳಿ ಮನೆಯಿಂದಲೇ ಕೆಲಸ ಮಾಡತೊಡಗಿದಳು. ನಾನು ಊಟಕ್ಕೆ ಕರೆದರೆ ಬಂದು ಉಂಡು ಹೋಗುತ್ತಿದ್ದಳು. ಅಷ್ಟೇ.

ಬುಧವಾರ ಟೀಚರು ಬಂದಳು. ಎತ್ತರದ ಹೆಂಗಸು, ಗಿಡ್ಡ ಬಿಳಿ ಕೂದಲು. ಮಗಳು ಬಾಯಿ ತೆಗೆಯುವ ಮೊದಲೇ ನಾನು ಹೇಳಿದೆ: "ನಾ ಹೇಳಿದ್ದನ್ನ ಹೇಳಿದ ಹಾಂಗ ಇಂಗ್ಲೀಷಿನ್ಯಾಗ ಹೇಳು. ನಡಬರಕ ಸಕ್ರಿ ಹಾಕಬ್ಯಾಡ."

ನಾನು ಹೇಳಿದೆ, ಅವಳು ಹೇಳಿದಳು. ಟೀಚರು ನನ್ನ ಮುಖ ನೋಡುತ್ತಾ ಕೇಳಿದಳು. ಕೋಪ ಕಾಣಲಿಲ್ಲ, ಕಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ನಾಯಿಯ ಎದೆಯನ್ನು ಬೆರಳಿಂದ ಒತ್ತಿ ನೋಡಿದಳು. ಮೆತ್ತೆಯನ್ನು ತಿರುವಿ, ಈ ಹೊಲಿಗೆ ನೀನೇ ಹಾಕಿದ್ದೇ ಎಂದು ಕೇಳಿದಳು. ಹೌದು ಎಂದೆ. ಬಹಳ ಚೆನ್ನಾಗಿದೆ ಎಂದಳು. ಹೊಗಳಿದಳೋ ಬೈದಳೋ ಈವರೆಗೂ ತಿಳಿದಿಲ್ಲ.

ಗಾಯ ಹತ್ತು ದಿನಕ್ಕೆ ಮಾಯುತ್ತದೆ ಎಂದಳು. ಆದರೆ ಹಾರ್ನೆಸ್ ಎಂದರೆ ನೋವು ಎಂದು ಅದು ಕಲಿತುಬಿಟ್ಟಿದೆ, ಅದನ್ನು ಮರೆಯುತ್ತದೋ ಇಲ್ಲವೋ ಹೇಳಲಾಗದು. ಒಂದು ತಿಂಗಳು ನೋಡೋಣ. ತಿಂಗಳು ಮುಗಿಯುವ ಹೊತ್ತಿಗೆ ತಾನಾಗಿ ತಲೆ ತೂರಿಸಿ ಹಾರ್ನೆಸ್ ಹಾಕಿಕೊಂಡು ನಡೆದರೆ ಸರಿ. ಇಲ್ಲದಿದ್ದರೆ ಅದಕ್ಕೆ ಬೇರೆ ಮನೆ, ಮಗಳಿಗೆ ಬೇರೆ ನಾಯಿ, ಅದೂ ಸರದಿ ಬಂದಾಗ. ಮತ್ತೆ, ಈ ತಿಂಗಳು ನಾಯಿಯ ಯಾವ ಕೆಲಸಕ್ಕೂ ನಾನು ಕೈ ಹಚ್ಚಬಾರದು ಎಂದಳು. ಮಗಳು ಅದನ್ನು ಕನ್ನಡಕ್ಕೆ ತರುವಾಗ ಸಕ್ಕರೆ ಹಾಕಲಿಲ್ಲ.

ಆ ತಿಂಗಳು ಹೊಸ ಮೆತ್ತೆಯ ಹಾರ್ನೆಸ್ ನಡುಮನೆಯಲ್ಲಿ ನೆಲದ ಮೇಲೇ ಇತ್ತು. ಅದರ ಪಕ್ಕದಲ್ಲೇ ನಾಯಿಯ ಊಟದ ಬಟ್ಟಲು. ಮೊದಲ ವಾರ ನಾಯಿ ಬಟ್ಟಲನ್ನು ಮೂತಿಯಿಂದ ದೂರ ತಳ್ಳಿಕೊಂಡು ಹೋಗಿ ತಿಂದಿತು. ಎರಡನೆಯ ವಾರ ಅಲ್ಲೇ ತಿಂದಿತು. ಮೂರನೆಯ ವಾರ ಹಾರ್ನೆಸ್ ಮೂಸಿ ನೋಡಿ, ಅದರ ಮೇಲೆ ಗದ್ದ ಇಟ್ಟು ಮಲಗಿತು. ಮಗಳು ಎಳೆಯಲಿಲ್ಲ, ಕರೆಯಲಿಲ್ಲ. ನಾನು ಅಡುಗೆಮನೆಯ ಬಾಗಿಲಿನಿಂದ ಈಚೆಗೆ ಬರಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಸುಮ್ಮನೆ ನಾನು ಯಾವತ್ತೂ ಕೂತವಳಲ್ಲ.

ಕೊನೆಯ ಪರೀಕ್ಷೆ ಕಾಲುವೆಯ ದಂಡೆಯ ಮೇಲೆ ಎಂದು ಟೀಚರು ಹೇಳಿದಳು. ಒಂದು ಕಡೆ ನೀರು, ಒಂದು ಕಡೆ ಮರ, ನಡುವೆ ಮರದ ಸೇತುವೆ, ಕೊನೆಗೆ ಏರು. ಕಾಲುವೆಯ ಬಾಗಿಲು ಕಾಯುವವನ ಹಳೆಯ ಮನೆಯ ಮುಂದೆ ಒಂದು ಬೆಂಚು ಇದೆ.

"ನೀ ಇಲ್ಲೇ ಕೂಡು," ಎಂದಳು ಮಗಳು.

ಕೂತೆ. ಹತ್ತು ಮಾರು ದೂರದಲ್ಲಿ ಅವಳು ಮಂಡಿಯೂರಿ ಹಾರ್ನೆಸ್ಸಿನ ಎದೆಪಟ್ಟಿಯನ್ನು ಉಂಗುರದ ಹಾಗೆ ಅಗಲ ಮಾಡಿ ಹಿಡಿದಳು. ನಾಯಿ ನಿಂತು ನೋಡಿತು. ಎರಡು ಸೈಕಲ್ಲು ಹೋದವು. ಒಬ್ಬ ಅಜ್ಜ ತನ್ನ ಸಣ್ಣ ನಾಯಿ ಹಿಡಿದುಕೊಂಡು ಹೋದ. ನಮ್ಮದು ಅದರ ಕಡೆ ತಿರುಗಲಿಲ್ಲ. ಮಗಳ ಕೈ ಸೋಲುತ್ತಿತ್ತು, ನನಗೆ ಕಾಣುತ್ತಿತ್ತು, ಒಂದು ಕೈಯಿಂದ ಇನ್ನೊಂದನ್ನು ಹಿಡಿದುಕೊಂಡಳು. "ಹೋಗ" ಎನ್ನುವ ಮಾತು ನನ್ನ ಗಂಟಲಿಗೆ ಬಂದಿತ್ತು. ನುಂಗಿದೆ.

ನಾಯಿ ಮೈ ಕೊಡವಿತು. ಒಂದು ಹೆಜ್ಜೆ ಮುಂದೆ ಬಂದು ತಲೆ ತೂರಿಸಿತು.

ಬಕಲ್ಲು ಹಾಕಿದ ಸಪ್ಪಳ ಕೇಳಿತು, "ಫಾರ್ವರ್ಡ್" ಎಂದದ್ದು ಕೇಳಿತು. ಅವರು ನಡೆದರು, ಇಪ್ಪತ್ತು ಹೆಜ್ಜೆ ಹಿಂದೆ ಟೀಚರು. ತಿರುವಿನಲ್ಲಿ ಮರಗಳ ಹಿಂದೆ ಮೂವರೂ ಮರೆಯಾದರು. ಅಲ್ಲಿಂದ ಮುಂದೆ ಸೇತುವೆ, ಏರು. ನನಗೆ ಏನೂ ಕಾಣುತ್ತಿರಲಿಲ್ಲ. ಒಂದು ತಾಸು ಕಳೆಯಿತೋ ಹೆಚ್ಚೋ, ಗಡಿಯಾರ ಅಳಿಯನ ಕೈಯಲ್ಲಿತ್ತು, ಅಳಿಯ ಕಾರಲ್ಲಿದ್ದ.

ತಿರುಗಿ ಬರುವಾಗ ಮೊದಲು ಕಂಡದ್ದು ನಾಯಿ. ತಲೆ ಎತ್ತಿಕೊಂಡು, ಬಾಯಿ ತೆರೆದು ಬರುತ್ತಿತ್ತು. ನಾನು ಅದರ ಎದೆಯನ್ನೇ ನೋಡಿದೆ. ಪಟ್ಟಿ ಬಿಗಿದಿತ್ತು. ನಾಯಿ ಎಳೆಯುತ್ತಿತ್ತು, ಮಗಳು ಉದ್ದುದ್ದ ಹೆಜ್ಜೆ ಹಾಕಿ ಅದಕ್ಕೆ ಸರಿಯಾಗಿ ನಡೆಯುತ್ತಿದ್ದಳು. ಟೀಚರು ಬಹಳ ಹಿಂದೆ ಉಳಿದಿದ್ದಳು.

ಬೆಂಚಿನ ಹತ್ತಿರ ಬಂದು ಮಗಳು ನಿಂತಳು. ಬೆವರಿದ್ದಳು.

"ಸೋಮವಾರ ರೈಲಿಗೆ ಹೊಂಟೀವಿ," ಎಂದಳು.

"ಇಬ್ಬರೇ?"

"ಇಬ್ಬರೇ. ನೀ ಸ್ಟೇಷನ್ ತನಕಾನೂ ಬರಬ್ಯಾಡ."

"ನಾ ಎಲ್ಲೆ ಬರತೀನಿ ಅಂದೆ?" ಎಂದೆ. "ಬಾ, ರೊಟ್ಟಿ ತಣ್ಣಗಾಗ್ಯಾವ."